ಹಲ್ಲಿನಿಂದ ಕೇಳುತ್ತಿದ್ದ ಹುಲಿಯಪ್ಪ

ಹುಲಿಯಪ್ಪ ಎಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದ. ಗೇಣುದ್ದದ ಒಂದು ಬಗನೆ ಮರದ ಕೋಲು ಅವನ ಕೋಟಿನ ಜೇಬಿನಲ್ಲಿ ಸದಾ ಇರುತ್ತಿತ್ತು. ಅದರ ಒಂದು ತುದಿಯನ್ನು ನಡುಗುವ ಎಂಜಿನ್ನಿನ ಮೈಮೇಲೆ ಊರಿ, ಇನ್ನೊಂದು ತುದಿಯನ್ನು ಮುಂಬಲ್ಲುಗಳ ನಡುವೆ ಕಚ್ಚಿ, ಕಣ್ಣು ಮುಚ್ಚಿಕೊಂಡು ಅವನು ನಿಂತನೆಂದರೆ, ಸಾಗರದ ಬಸ್ ನಿಲ್ದಾಣದ ಹಿಂದಿನ ಆ ತಗಡಿನ ಶೆಡ್ಡಿನಲ್ಲಿ ಹರಟುತ್ತ ಕುಳಿತ ಡ್ರೈವರುಗಳೂ ಕಂಡಕ್ಟರುಗಳೂ ಯಾರೂ ಹೇಳದೆಯೇ ಸುಮ್ಮನಾಗುತ್ತಿದ್ದರು. ಅರ್ಧ ನಿಮಿಷವೋ, ಐದು ನಿಮಿಷವೋ. ಆಮೇಲೆ ಕೋಲನ್ನು ಪಂಚೆಯ ತುದಿಯಲ್ಲಿ ಒರೆಸಿ ಜೇಬಿಗಿಳಿಸಿ, "ಮೂರನೇ ಸಿಲಿಂಡರು ಸರಿಯಾಗಿ ಉರೀತಿಲ್ಲ" ಎಂದೋ, "ಬೇರಿಂಗು ಇನ್ನು ಎಂಟು ದಿನ ಬಂದ್ರೆ ಹೆಚ್ಚು" ಎಂದೋ ಹೇಳುತ್ತಿದ್ದ. ಎಂಟು ದಿನ ಎಂದರೆ ಬಹುಮಟ್ಟಿಗೆ ಎಂಟೇ ದಿನ.

ಅಣೆಕಟ್ಟಿನ ಕೆಲಸದಲ್ಲಿ ಏಳು ವರ್ಷ ಬಂಡೆ ಕೊರೆಯುವ ಯಂತ್ರಗಳ ಪಕ್ಕದಲ್ಲೇ ದುಡಿದು ಅವನ ಎಡಗಿವಿ ಪೂರ್ತಿಯಾಗಿಯೂ ಬಲಗಿವಿ ಅರ್ಧದಷ್ಟೂ ಮಂದವಾಗಿದ್ದವು. ಹತಾರ ಹಿಡಿಯುವ ಕೈಗೆ ಕಿವಿಯ ಸಹಾಯ ತಪ್ಪಿದರೆ ಮುಂದೇನು ಗತಿ ಎಂದು ಸ್ವಲ್ಪ ಕಾಲ ಕಂಗಾಲಾಗಿದ್ದವನು, ಒಂದು ದಿನ ಎರಡೂ ಕೈಗಳಿಗೆ ಕೆಲಸವಿದ್ದುದರಿಂದ ಕೋಲೊಂದನ್ನು ಬಾಯಲ್ಲಿ ಕಚ್ಚಿ ಬಗ್ಗಿದಾಗ, ಅದರ ತುದಿ ಎಂಜಿನ್ನಿಗೆ ತಗುಲಿ, ವರ್ಷಗಳಿಂದ ಕೇಳದಿದ್ದ ಸೂಕ್ಷ್ಮಗಳೆಲ್ಲ ತಲೆಬುರುಡೆಯೊಳಗೆ ಸ್ಪಷ್ಟವಾಗಿ ಮೊಳಗಿದವಂತೆ. ಆ ಸಂತೋಷವನ್ನು ಅವನು ಎಷ್ಟು ಸಲ ವರ್ಣಿಸಿದರೂ ಪ್ರತಿ ಸಲವೂ ಅವನ ಕಣ್ಣು ಹೊಸದಾಗಿ ಅರಳುತ್ತಿತ್ತು.

ನಡೆಯುವಾಗ ಬಲಭುಜವನ್ನು ಮುಂದೆ ಮಾಡಿ, ಇಕ್ಕಟ್ಟಾದ ಬಾಗಿಲಲ್ಲಿ ತೂರುವವನಂತೆ ಓರೆಯಾಗಿ ನಡೆಯುತ್ತಿದ್ದ. ಎದುರಿನವರ ಮಾತು ಆ ಅರ್ಧ ಕಿವಿಗೆ ತಪ್ಪದಿರಲೆಂದು ಬಂದ ಅಭ್ಯಾಸವದು. ಪಂಚೆಯ ಮೇಲೆ ಖಾಕಿ ಕೋಟು. ಅದಕ್ಕೆ ಹೆಂಡತಿ ಕೆರಿಯಮ್ಮ ಹೊಲಿದುಕೊಟ್ಟ ಜೇಬುಗಳೇ ಹನ್ನೊಂದು. ಒಂದೊಂದರಲ್ಲಿ ನಟ್ಟು ತಿರುಗಿಸುವ ಒಂದೊಂದು ಪಾನಾ. ಏಪ್ರಿಲ್ ತಿಂಗಳ ಧಗೆಯಲ್ಲೂ ಅದನ್ನು ಕಳಚುತ್ತಿರಲಿಲ್ಲ. "ಪಾನಾ ಹುಡುಕ್ತಾ ಕೂತ್ರೆ ಕೇಳಿದ್ದು ಮರ್ತು ಹೋಗುತ್ತೆ" ಎನ್ನುತ್ತಿದ್ದ. ಗೇಣಿಗೆ ಗದ್ದೆ ಮಾಡುತ್ತಿದ್ದ ಮನೆತನದವನು. ಅಪ್ಪ ಉತ್ತ ಆ ಗದ್ದೆ ಅಣೆಕಟ್ಟಿನ ಹಿನ್ನೀರಿನ ತಳ ಸೇರಿತ್ತು. ಗದ್ದೆಯ ಜೊತೆಗೇ ಒಂದು ಪದವನ್ನೂ ಅವನು ಆ ನೀರಿನಲ್ಲಿ ಬಿಟ್ಟುಬಂದಿದ್ದ: ಯಾರನ್ನೂ 'ಒಡೆಯರೇ' ಎಂದು ಕರೆಯುತ್ತಿರಲಿಲ್ಲ. ಗೌಡರನ್ನು ಗೌಡ್ರೇ, ಭಟ್ಟರನ್ನು ಭಟ್ರೇ, ಎಂಜಿನಿಯರರನ್ನು ಸಾರ್. ಮರ್ಯಾದೆಗೆ ಕೊರತೆಯಿಲ್ಲ, ಬಾಗುವಿಕೆಯೂ ಇಲ್ಲ.

ಅವನಿಗೊಂದು ಹಟವಿತ್ತು. ಯಂತ್ರ ಅದರ ನಿಜವಾದ ಕೆಲಸ ಮಾಡುತ್ತಿರುವಾಗ ಅದರ ಸಂಗಡ ಇರದೆ ಅವನು ಪಾನಾ ಎತ್ತುತ್ತಿರಲಿಲ್ಲ. ಬಸ್ಸು ಕೆಟ್ಟಿದೆಯೆಂದರೆ ಬಸ್ಸು ಹತ್ತಿ ಜೋಗದವರೆಗಾದರೂ ಹೋಗಿಬರಬೇಕು. ಒಮ್ಮೆ ಹೊಸನಗರದ ಅಕ್ಕಿ ಗಿರಣಿಯ ಆಯಿಲ್ ಎಂಜಿನ್ ತಿಣುಕುತ್ತಿದೆಯೆಂದು ಕರೆಸಿದರೆ, ಬೆಳಗಿನಿಂದ ಮಧ್ಯಾಹ್ನದವರೆಗೆ ಗಿರಣಿಯ ಮೂಲೆಯಲ್ಲಿ ಮಜ್ಜಿಗೆ ಕುಡಿಯುತ್ತ ನಿಂತು, ಕೊನೆಗೆ ಎಂಜಿನ್ನನ್ನು ಮುಟ್ಟದೆ, ಅತ್ತ ಗೋಡೆಯ ಬದಿಯ ಬೆಲ್ಟಿನ ಚಕ್ರವೊಂದು ಕೂದಲೆಳೆಯಷ್ಟು ಓರೆಯಾಗಿರುವುದನ್ನು ತೋರಿಸಿದ್ದ. "ಅದೇ ಹೇಳ್ಲಿ ಮಾರಾಯ್ರೇ, ನಾವು ಯಾಕೆ ಹೇಳೋದು?" ಎಂಬುದು ಅವನ ಬಾಯಿಪಾಠದ ಮಾತು.

ಸಾವಿರದ ಒಂಬೈನೂರ ಅರವತ್ತಾರನೆಯ ಇಸವಿಯ ಜನವರಿಯಲ್ಲಿ, ಒಂದು ಬೆಳಿಗ್ಗೆ, ಶಂಭು ಎಂಬ ಡ್ರೈವರು ಮೇಳಿಗೆಯಿಂದ ಸಾಗರಕ್ಕೆ ಬಂದು ಆ ಶೆಡ್ಡಿನ ಬಾಗಿಲಲ್ಲಿ ನಿಂತ. ನಲವತ್ತು ದಾಟಿದ ಮನುಷ್ಯ. ಹದಿನಾರು ವರ್ಷದಿಂದ ಮೇಳಿಗೆಯ ಸುಬ್ಬಯ್ಯಗೌಡರ ಮನೆಯ ವಾಹನಗಳನ್ನು ನೋಡಿಕೊಂಡಿದ್ದವನು. ಕೆಲಸ ಬೇಕೆಂದ. ಏನಾಯಿತೆಂದು ಕೇಳಿದಾಗ ನಡೆದದ್ದನ್ನೆಲ್ಲ ಹೇಳಿದ.

ಸುಬ್ಬಯ್ಯಗೌಡರ ಕೆಂಪು ಕಾರಿನ ಹೆಸರು ಆಗ ತೀರ್ಥಹಳ್ಳಿಯಿಂದ ಸಾಗರದವರೆಗೆ ಗೊತ್ತಿಲ್ಲದವರಿರಲಿಲ್ಲ. ವಿಲಾಯತಿಯಿಂದ ಬಂದ, ಇಬ್ಬರಿಗಷ್ಟೇ ಜಾಗವಿರುವ, ಸೊಂಟದೆತ್ತರದ ಕಾರು. ಗೌಡರಿಗೆ ಮೂವತ್ತೈದರ ವಯಸ್ಸು. ಓದಲು ಮದರಾಸಿಗೆ ಹೋಗಿದ್ದಾಗ ಹತ್ತಿದ ಹುಚ್ಚಿನಿಂದ, ವರ್ಷಕ್ಕೊಂದೆರಡು ಸಲ ಆ ಕಾರನ್ನು ಅಲ್ಲಿಗೊಯ್ದು, ಹಳೆಯ ವಿಮಾನ ನಿಲ್ದಾಣದ ಓಡುದಾರಿಯಲ್ಲಿ ನಡೆಯುವ ಪಂದ್ಯದಲ್ಲಿ ತಾವೇ ಓಡಿಸುತ್ತಿದ್ದರು. ಹಿಂದಿನ ತಿಂಗಳ ಪಂದ್ಯದಲ್ಲಿ ಮೊದಲ ಮೂರು ಸುತ್ತು ಎಲ್ಲರಿಗಿಂತ ಮುಂದಿದ್ದ ಕಾರು ನಾಲ್ಕನೆಯ ಸುತ್ತಿಗೆ ಏಕಾಏಕಿ ಬಲಗುಂದಿ, ನೀರು ಕುದಿದು, ಬಾನೆಟ್ಟಿನಿಂದ ಹಬೆಯೆದ್ದು ದಾರಿಯ ಬದಿಗೆ ಸರಿದಿತ್ತು. ಮದರಾಸಿನ ಒಂದು ಗ್ಯಾರೇಜಿನವರು ರೇಡಿಯೇಟರ್ ಬದಲಿಸಿದರು. ಬೆಂಗಳೂರಿನವರು ಎಂಜಿನ್ನಿನ ತಲೆ ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕಿ ಕಾರ್ಬ್ಯುರೇಟರ್ ತೊಳೆದರು. ನಿಂತಲ್ಲಿ ಎಲ್ಲ ಸರಿ. ಜೋರಾಗಿ ಓಡಿಸಿದ ಹತ್ತು ನಿಮಿಷಕ್ಕೆ ಅದೇ ಕಥೆ. ಪಂದ್ಯದ ದಿನ ರೇಡಿಯೇಟರಿನ ನೀರು ನೋಡದೆ ಕಾರನ್ನು ತಮ್ಮ ಕೈಗೆ ಕೊಟ್ಟವನು ಶಂಭುವೇ, ಆ ದಿನ ಬೆಂದ ಎಂಜಿನ್ ಇನ್ನು ಸುಧಾರಿಸಲಾರದು ಎಂದು ಗೌಡರು ತೀರ್ಮಾನಿಸಿ, ಅಂಗಳದಲ್ಲಿ ಇಪ್ಪತ್ತು ಆಳುಗಳ ಎದುರು ಬೈದು ಕಳಿಸಿದ್ದರು.

"ನೀರು ಹಾಕಿದ್ಯಾ?" ಹುಲಿಯಪ್ಪ ಕೇಳಿದ್ದು ಇಷ್ಟೇ.

"ಹಾಕಿದ್ದೆ ಹುಲಿಯಣ್ಣ. ಎರಡು ಸಲ ನೋಡಿದ್ದೆ. ಯಾರು ನಂಬ್ತಾರೆ?"

ಹುಲಿಯಪ್ಪ ಕೈಯಲ್ಲಿದ್ದ ಪಾನಾವನ್ನು ಜೇಬಿಗಿಳಿಸಿದ. "ಗಾಡಿ ನೋಡ್ದೆ ನಿನ್ನ ತಪ್ಪಿಲ್ಲ ಅಂತ ನಾನು ಹೇಳ್ಲಾರೆ ಶಂಭು. ತಪ್ಪಿದೆ ಅಂತಾನೂ ಹೇಳ್ಲಾರೆ. ನಾಳೆ ಮೇಳಿಗೆಗೆ ಹೋಗ್ತೀನಿ."

ಕರೆಯದವರ ಮನೆಗೆ, ಕರೆಯದ ಕೆಲಸಕ್ಕೆ, ಸಾಗರದಿಂದ ಹೊಸನಗರದ ಮಾರ್ಗವಾಗಿ ತೀರ್ಥಹಳ್ಳಿಗೆ, ಅಲ್ಲಿಂದ ಮೇಳಿಗೆಗೆ ಬಸ್ಸಿನಲ್ಲಿ ಕುಲುಕಿಕೊಂಡು ಅವನು ಹೋದ. ಆ ದಾರಿಯುದ್ದಕ್ಕೂ ತನ್ನ ಬಲವೇನು ಎಂಬ ಅಳುಕು ಅವನನ್ನು ಕಾಡದೆ ಇರಲಿಲ್ಲ. ಬಸ್ಸು, ಲಾರಿ, ಗಿರಣಿ, ಪಂಪುಗಳಲ್ಲಿ ಕೈ ಪಳಗಿತ್ತು ನಿಜ. ಪಂದ್ಯದ ಕಾರನ್ನು ಅವನು ಹತ್ತಿರದಿಂದ ಕಂಡವನೂ ಅಲ್ಲ.

ಗೌಡರು ಕೆಟ್ಟವರಲ್ಲ, ಮುಂಗೋಪದವರು. ಚಾವಡಿಯ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡು ನಕ್ಕರು. "ಮದರಾಸಿನವರು, ಬೆಂಗಳೂರಿನವರು ಕೈಚೆಲ್ಲಿದ ಗಾಡಿ ಇದು. ನೀನು ಬಸ್ಸು ರಿಪೇರಿ ಮಾಡೋನು ಹುಲಿಯಪ್ಪ."

"ಹಳೇ ಬಸ್ಸಿಗೂ ಬೇಕಾದ್ದು ಪೆಟ್ರೋಲು, ಗಾಳಿ, ಕಿಡಿ. ಇದಕ್ಕೂ ಅಷ್ಟೇ ಅಲ್ವಾ ಗೌಡ್ರೇ? ನೋಡ್ತೀನಿ. ತಪ್ಪು ಸಿಕ್ಕಿ, ಅದು ಶಂಭುದಲ್ಲ ಅಂತಾದ್ರೆ, ಇದೇ ಅಂಗಳದಲ್ಲಿ ನೀವು ಅವನಿಗೆ ಹೇಳ್ಬೇಕು. ಸಿಗದಿದ್ರೆ ನಾನು ಇದೇ ಅಂಗಳದಲ್ಲಿ ನಿಂತು ಸೋತೆ ಅಂತೀನಿ."

ಅಂಗಳದಲ್ಲಿ ಅಡಿಕೆ ಹರಡುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಗೌಡರು ಒಪ್ಪಿದರು. ಆದರೆ ಪಕ್ಕದಲ್ಲಿ ಕುಳಿತು ಬರುತ್ತೇನೆಂದು ಹುಲಿಯಪ್ಪ ಹೇಳಿದಾಗ ಅವರ ದೃಷ್ಟಿ ಅವನ ಕೋಟಿನ ಗ್ರೀಸಿನ ಕಲೆಗಳ ಮೇಲೂ ಕಾರಿನ ಹಾಲುಬಣ್ಣದ ಚರ್ಮದ ಸೀಟಿನ ಮೇಲೂ ಹರಿದಾಡಿತು. "ನಿಂತಲ್ಲೇ ನೋಡು" ಎಂದರು. ಹುಲಿಯಪ್ಪ ತನ್ನ ಹಟವನ್ನು ಬಿಟ್ಟುಕೊಟ್ಟದ್ದು ಅದೊಂದೇ ಸಲವಿರಬೇಕು; ಶಂಭುವಿನ ಮುಖ ನೆನೆದು ಬಿಟ್ಟುಕೊಟ್ಟ. ಕೋಲು ಕಚ್ಚಿ ಕೇಳಿದ. ಎಂಜಿನ್ ಜೇನಿನಂತೆ ಗುಂಯ್ಗುಡುತ್ತಿತ್ತು. ಬಲವೂ ಕುಂದಿ ಕಾವೂ ಏರುವುದೆಂದರೆ ಸಾಮಾನ್ಯವಾಗಿ ಕಿಡಿ ತಡವಾಗಿ ಹಾರುತ್ತಿರುತ್ತದೆ; ಹಳೆಯ ಪೆಟ್ರೋಲು ಬಸ್ಸುಗಳಲ್ಲಿ ನೂರು ಸಲ ಕಂಡದ್ದು. ಆ ಅನುಭವದ ಮೇಲೆಯೇ, "ಕಿಡಿಯ ಟೈಮಿಂಗು ಹಿಂದಿದೆ" ಎಂದುಬಿಟ್ಟ. ಒಂದಿಷ್ಟು ಮುಂದಕ್ಕೆ ತಿರುಗಿಸಿ ಬಿಗಿದ.

ಗೌಡರು ಕಾರು ತೆಗೆದುಕೊಂಡು ಹೋದರು. ಅರ್ಧ ಗಂಟೆಯ ಬಳಿಕ ಹಬೆಯುಗುಳುತ್ತ ತೆವಳಿಕೊಂಡು ಬಂತು. ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಹುಲಿಯಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ: "ನನ್ನ ಮಾತು ತಪ್ಪು. ಅದು ಓಡುವಾಗ ಕೇಳ್ದೆ ಹೇಳಿದೆ, ಅದಕ್ಕೇ ತಪ್ಪಾಯ್ತು." ತಿರುಗಿಸಿದ್ದನ್ನು ಮೊದಲಿದ್ದಲ್ಲಿಗೇ ತಂದಿಟ್ಟ. "ಗೌಡ್ರೇ, ನಾಳೆ ಬೆಳಿಗ್ಗೆ ಬರ್ತೀನಿ. ಪಕ್ಕದಲ್ಲಿ ಕೂರ್ಸಿಕೊಂಡ್ರೆ ನೋಡ್ತೀನಿ. ಇಲ್ಲಾಂದ್ರೆ ಸೋತೆ ಅಂತ ಹೇಳಿ ಬಸ್ಸು ಹಿಡೀತೀನಿ. ಆದ್ರೆ ಆಗ ಸೋತಿದ್ದು ನಾನೊಬ್ನೇ ಅಲ್ಲ, ನಿಮ್ಮ ಗಾಡಿನೂ."

ತೀರ್ಥಹಳ್ಳಿಯಲ್ಲಿ ಪರಿಚಯದ ಬಸ್ ಡ್ರೈವರೊಬ್ಬನ ಮನೆಯಲ್ಲಿ ಉಳಿದು ಬೆಳಿಗ್ಗೆ ಮರಳಿ ಬಂದಾಗ, ಕಾರು ಅಂಗಳದ ನಡುವೆ ಸಿದ್ಧವಾಗಿ ನಿಂತಿತ್ತು. ಎಡಗಡೆಯ ಬಾಗಿಲನ್ನು ಗೌಡರು ತಾವೇ ತೆರೆದು ಹಿಡಿದಿದ್ದರು. ಸೀಟಿನ ಮೇಲೆ ಗೋಣಿಯನ್ನಾಗಲೀ ಹಳೆಯ ಬಟ್ಟೆಯನ್ನಾಗಲೀ ಹಾಸಿರಲಿಲ್ಲ. ಹುಲಿಯಪ್ಪ ಅದನ್ನು ಗಮನಿಸಿದ. ಕೋಟಿನ ಸಮೇತ ಕುಳಿತ.

ತುಂಗೆಯ ಸೇತುವೆ ದಾಟಿ, ಪೇಟೆ ಹಾದು, ಹೊಸನಗರದ ರಸ್ತೆಗೆ ಬಿದ್ದಮೇಲೆ ಗೌಡರು ವೇಗ ಹೆಚ್ಚಿಸಿದರು. ಮರಗಳು ಹಿಂದಕ್ಕೆ ಧಾವಿಸುತ್ತಿದ್ದವು. ಗಾಳಿಯ ಆರ್ಭಟಕ್ಕೆ ಪಕ್ಕದವರ ಕೂಗೂ ಕೇಳದಂಥ ಆ ಓಟದಲ್ಲಿ ಹುಲಿಯಪ್ಪ ಕೋಲನ್ನು ಕಾಲಡಿಯ ಲೋಹಕ್ಕೆ ಊರಿ, ಕಚ್ಚಿ, ತಲೆಬಾಗಿ ಕುಳಿತ. ಕೆಳಗಿನ ಗೇರುಗಳ ಮೊರೆತ, ಚಕ್ರಗಳ ಗುನುಗು, ಎಂಜಿನ್ನಿನ ನಾಲ್ಕು ಬಡಿತಗಳು ಒಂದೊಂದೂ ಬೇರೆ ಬೇರೆಯಾಗಿ ಅವನ ತಲೆಯೊಳಗೆ ಹರಿದುಬಂದವು. ದೀರ್ಘವಾದ ಏರಿಯೊಂದರಲ್ಲಿ ಗೌಡರು ಪೆಡಲನ್ನು ನೆಲಕ್ಕೆ ಒತ್ತಿದರು. ಆಗ, ಬೆನ್ನ ಹಿಂದೆಲ್ಲೋ, 'ಟಕ್' ಎಂಬ ಒಂದು ಸಣ್ಣ ಶಬ್ದ. ಮರುಕ್ಷಣವೇ ಹಿಂದಿನಿಂದ ಯಾರೋ ಹಿಡಿದೆಳೆದಂತೆ ಕಾರು ಸೊರಗಿತು. ಎದುರಿನ ಫಲಕದಲ್ಲಿ ಎಂಜಿನ್ನಿನ ಕಾವು ತೋರಿಸುವ ಮುಳ್ಳು ಮೇಲೇರತೊಡಗಿತು. ಹುಲಿಯಪ್ಪ ಕೈಯೆತ್ತಿದ. ಕಾರು ನಿಂತು ಎಂಜಿನ್ ಆರಿದ ಮೇಲೆ, ಎಲ್ಲ ನಿಶ್ಶಬ್ದವಾದಾಗ, ಕೋಲಿನ ಮೂಲಕ ಇನ್ನೊಮ್ಮೆ ಬಂತು: 'ಟಕ್'. ಏನೋ ಮುಚ್ಚಿಕೊಂಡಿತ್ತು, ಈಗ ತೆರೆದುಕೊಂಡಿತು.

ಅವನು ದಡಬಡಿಸಿ ಇಳಿದು, ಕಾರಿನಲ್ಲಿದ್ದ ನೀರಿನ ಬಾಟಲಿ ಹಿಡಿದು, ರಸ್ತೆಯ ಕೆಂಪು ಧೂಳಿನಲ್ಲಿ ಅಂಗಾತ ಮಲಗಿ ಕಾರಿನ ಕೆಳಗೆ ತೂರಿದ. ಎಂಜಿನ್ನಿನಿಂದ ಹೊಗೆ ಒಯ್ಯುವ ಕೊಳವೆಯ ಮುಂಭಾಗಕ್ಕೆ ನಾಲ್ಕು ಹನಿ ಚಿಮುಕಿಸಿದ. ಚುಂಯ್ ಎಂದು ಕ್ಷಣದಲ್ಲಿ ಆವಿಯಾಯಿತು. ಸೈಲೆನ್ಸರಿನ ಆಚೆಗೆ, ಹಿಂದಿನ ತುಂಡಿಗೆ ನಾಲ್ಕು ಹನಿ. ಅವು ಸುಮ್ಮನೆ ಜಾರಿ ನೆಲಕ್ಕಿಳಿದವು.

"ಗೌಡ್ರೇ, ಬಗ್ಗಿ ನೋಡಿ!" ಎಂದು ಅವನು ಕೂಗಿದ. ಗೌಡರು ತಮ್ಮ ಬಿಳಿ ಪ್ಯಾಂಟನ್ನು ಮರೆತು ಧೂಳಿನಲ್ಲಿ ಮಂಡಿಯೂರಿದರು. "ಇಷ್ಟು ಓಡಿದ್ಮೇಲೆ ಈ ತುದಿನೂ ಸುಡ್ತಾ ಇರ್ಬೇಕಿತ್ತು. ಜೋರಾಗಿ ಓಡುವಾಗ ಬಿಸಿ ಹೊಗೆ ಇಲ್ಲಿವರೆಗೆ ಸರಿಯಾಗಿ ಬರ್ತಾ ಇಲ್ಲ. ಉಸಿರು ತಗೊಳ್ಳೋಕೆ ತೊಂದರೆ ಇಲ್ಲ ಇದಕ್ಕೆ, ಬಿಡೋಕೆ ಜಾಗ ಇಲ್ಲ. ಸೈಲೆನ್ಸರಿನ ಒಳಗೆ ಒಂದು ತಗಡು ಕಳಚಿದೆ. ಮೆಲ್ಲಗೆ ಓಡುವಾಗ ಬಿದ್ದುಕೊಂಡಿರುತ್ತೆ. ಜೋರಾಗಿ ಹೊಗೆ ಬಂದಾಗ ಎದ್ದು ಬಾಯಿ ಮುಚ್ಚುತ್ತೆ. ಹೊಗೆ ಒಳಗೇ ನಿಂತ್ರೆ ಬಲ ಎಲ್ಲಿಂದ ಬರ್ಬೇಕು? ಆ ಕಾವೆಲ್ಲ ನೀರಿಗೇ ತಾನೇ?"

ನಿಲ್ಲಿಸಿ ಪರೀಕ್ಷಿಸಿದವರಿಗೆಲ್ಲ ಆ ತಗಡು ಬಿದ್ದುಕೊಂಡೇ ಇದ್ದುದರಿಂದ ಏನೂ ತೋಚಿರಲಿಲ್ಲ. ರೇಡಿಯೇಟರನ್ನೂ ನೀರನ್ನೂ ಶಂಕಿಸಿದ್ದರು, ಕಟ್ಟಕಡೆಗೆ ಒಬ್ಬ ಮನುಷ್ಯನನ್ನು.

ಕಾವಾರುವವರೆಗೆ ಮರದ ನೆರಳಿನಲ್ಲಿ ಕುಳಿತಿದ್ದು, ಸೈಲೆನ್ಸರನ್ನು ಬಿಚ್ಚಿ ಹಿಂದಿನ ಡಿಕ್ಕಿಗೆ ಹಾಕಿ, ಬರಿಯ ಕೊಳವೆಯಲ್ಲೇ ಕಾರನ್ನು ಮತ್ತೆ ಹೊರಡಿಸಿದರು. ಆ ಅಬ್ಬರವನ್ನು ತೀರ್ಥಹಳ್ಳಿಯ ಪೇಟೆ ಬಹುಕಾಲ ಮಾತಾಡಿಕೊಂಡಿತು. ಏರಿಯನ್ನು ಕಾರು ಹಾರಿದಂತೆ ಹತ್ತಿತು. ಒಂದಲ್ಲ, ನಾಲ್ಕು ಸಲ ಹತ್ತಿಸಿ ಇಳಿಸಿದರೂ ಕಾವಿನ ಮುಳ್ಳು ನೆಟ್ಟಲ್ಲಿಂದ ಅಲುಗಲಿಲ್ಲ. ಮರಳಿ ಪೇಟೆ ಹಾಯುವಾಗ ಅಂಗಡಿಗಳವರು ಬೀದಿಗೆ ಬಂದು ನಿಂತಿದ್ದರು. ಹುಲಿಯಪ್ಪ ಕೋಲನ್ನು ಜೇಬಿಗೆ ಹಾಕಿಕೊಂಡು, ಮಗುವಿನಂತೆ ಮುಖವರಳಿಸಿ ಕೂಗಿ ಹೇಳಿದ: "ಗೌಡ್ರೇ, ಇದು ನನ್ನ ಕಿವಿಗೇ ಕೇಳ್ತಾ ಇದೆ!"

ಮನೆಯ ಅಂಗಳಕ್ಕೆ ಬಂದು ಸೈಲೆನ್ಸರನ್ನು ಗರಗಸದಿಂದ ಕೊಯ್ದರೆ, ಒಳಗಿನ ಅಡ್ಡತಗಡು ಬೆಸುಗೆ ಬಿಟ್ಟು, ಒಂದೇ ಅಂಚಿನಲ್ಲಿ ಕದದಂತೆ ತೂಗುತ್ತಿತ್ತು. ಹುಲಿಯಪ್ಪ ಹೊರಮೈಯನ್ನು ಬೆರಳಿನಿಂದ ಸವರಿ, ಒಂದು ಕಡೆ ಬಣ್ಣ ಕೆರೆದ. ತಟ್ಟಿ ಸಮ ಮಾಡಿದ ಹಳೆಯ ತಗ್ಗೊಂದು ಕಾಣಿಸಿತು.

"ಇದಕ್ಕೆ ಯಾವಾಗಲಾದ್ರೂ ಕೆಳಗಿಂದ ಕಲ್ಲು ಬಡಿದಿತ್ತಾ?"

ಅಂಗಳದಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಗೌಡರೊಬ್ಬರೇ. ಗೊತ್ತಿಲ್ಲವೆಂದಿದ್ದರೆ ಕೇಳುವವರಿರಲಿಲ್ಲ. ಅವರ ಮುಖ ಕೆಂಪಾಯಿತು, ಆಮೇಲೆ ತಣ್ಣಗೆ ಹೇಳಿದರು: "ಬಡಿದಿತ್ತು. ದೀಪಾವಳಿ ಆದ್ಮೇಲೆ, ಹೊಸನಗರದ ಕಡೆ ಒಂದು ಹಳ್ಳ ದಾಟಿಸುವಾಗ. ನಾನೇ ಓಡಿಸ್ತಾ ಇದ್ದೆ. ಕೆಳಗೆ ಏನೋ ತಾಗ್ತು, ಇಳಿದು ನೋಡ್ತೀನಿ ಅಂತ ಶಂಭು ಅಂದ. ನೆಂಟರು ಕಾಯ್ತಿದ್ರು, ಏನೂ ಆಗಿಲ್ಲ ನಡಿ ಅಂದೆ ನಾನು. ಪಂದ್ಯಕ್ಕೆ ಹೋಗುವಾಗ ತಗ್ಗು ಕಾಣ್ಬಾರ್ದು ಅಂತ ತಟ್ಟಿಸಿ ಬಣ್ಣ ಹೊಡೆಸ್ದೆ."

ಹುಲಿಯಪ್ಪನನ್ನು ಉಳಿಸಿಕೊಂಡು, ಮರುದಿನ ಶಂಭುವನ್ನು ಕರೆಸಿದರು. ಅವನು ಅಂಗಳದ ಬೇಲಿ ದಾಟುವ ತಡಮೆಯ ಬಳಿಯೇ ನಿಂತುಬಿಟ್ಟ. ಗೌಡರು ಮೆಟ್ಟಿಲಿಳಿದು ಅವನಿರುವಲ್ಲಿಗೆ ನಡೆದುಹೋದರು. ಅಂದು ಬೈಗುಳ ಕೇಳಿದ ಇಪ್ಪತ್ತು ಮಂದಿಯೂ ಇದ್ದರು. "ಶಂಭು, ಗಾಡಿ ಕೆಡಿಸಿದ್ದು ನಾನು. ನಿನ್ನ ಮೇಲೆ ಹಾಕ್ದೆ. ನನ್ನಿಂದ ತಪ್ಪಾಯ್ತು."

ಶಂಭು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಗೌಡರು ತಿರುಗಿ, "ಒಳಗೆ ಬನ್ನಿ ಹುಲಿಯಪ್ಪನವರೇ, ಕಾಫಿ ತಗೊಳ್ಳಿ" ಎಂದರು. ನಿನ್ನೆಯವರೆಗಿನ 'ನೀನು' ಯಾವ ಘಳಿಗೆಯಲ್ಲಿ 'ನೀವು' ಆಯಿತೆಂದು ಗೌಡರಿಗೂ ತಿಳಿದಿರಲಾರದು. ಹುಲಿಯಪ್ಪನಿಗೆ ಮಾತ್ರ ಆ ಮಂದ ಕಿವಿಯಲ್ಲೂ ಅದು ಸ್ಪಷ್ಟವಾಗಿ ಕೇಳಿಸಿತು.

ಸಾಗರಕ್ಕೆ ಹಿಂದಿರುಗಿದಾಗ ಕೆರಿಯಮ್ಮ ಕೇಳಿದಳು: "ಆ ಕಾರಲ್ಲಿ ಕೂತಿದ್ರಂತೆ. ಹೆಂಗಿತ್ತು?"

"ನೆಲಕ್ಕೆ ತೀರಾ ಹತ್ರ. ಸಸಿ ನೆಡೋಕೆ ಬಗ್ಗಿದ ಹಂಗಿತ್ತು."

"ಭಯ ಆಗ್ಲಿಲ್ವಾ?"

"ಓಡುವಾಗ ಆಗ್ಲಿಲ್ಲ. ಮೊದಲ್ನೇ ದಿನ ತಪ್ಪು ಹೇಳಿದ್ನಲ್ಲ, ಆಗ ಆಯ್ತು" ಎಂದ ಹುಲಿಯಪ್ಪ.

ಕಾರಿಗೆ ಹೊಸ ಸೈಲೆನ್ಸರ್ ಹಾಕಿಸಿ, ಮುಂದಿನ ತಿಂಗಳ ಪಂದ್ಯಕ್ಕೆ ಗೌಡರು ಶಂಭುವನ್ನೇ ಸಂಗಡ ಕರೆದೊಯ್ದರು. ಕಾರು ಗೆಲ್ಲಲಿಲ್ಲ, ಒಂಬತ್ತರಲ್ಲಿ ಮೂರನೆಯದಾಗಿ ಬಂತು. ಆದರೆ ಎಲ್ಲ ಸುತ್ತುಗಳನ್ನೂ ಒಂದೇ ಉಸಿರಿನಲ್ಲಿ ಓಡಿ ಮುಗಿಸಿತು. ಮದರಾಸಿನ ಗ್ಯಾರೇಜಿನವರು ಬಂದು, ಯಾರು ಸರಿಮಾಡಿದ್ದೆಂದು ಕೇಳಿದಾಗ, ಗೌಡರು ಇಂಗ್ಲಿಷಿನಲ್ಲಿ ಏನೋ ಹೇಳಿದರಂತೆ. ಶಂಭುವಿಗೆ ಅರ್ಥವಾದದ್ದು 'ಸಾಗರ' ಮತ್ತು 'ಹುಲಿಯಪ್ಪ' ಎಂಬ ಎರಡು ಶಬ್ದಗಳು. ಆ ಎರಡು ಶಬ್ದಗಳನ್ನು ಅವನು ಮದರಾಸಿನಿಂದ ಸಾಗರದವರೆಗೆ ಜೋಪಾನವಾಗಿ ಹೊತ್ತು ತಂದು, ಶೆಡ್ಡಿನಲ್ಲಿ ಕುಳಿತವರಿಗೆಲ್ಲ ಹೇಳಿದ. ಬಳಿಕ ಮೇಳಿಗೆಗೆ ಮರಳಲಿಲ್ಲ. "ತಪ್ಪಾಯ್ತು ಅಂದ್ರು, ಅಷ್ಟು ದೊಡ್ಡ ಮನುಷ್ಯ. ನನ್ನ ಮನಸ್ಸಲ್ಲಿ ಏನೂ ಇಲ್ಲ. ಆದ್ರೆ ನಂಗೆ ಇನ್ನು ಓಡ್ಸೋದು ಬೇಡ ಹುಲಿಯಣ್ಣ, ಕೇಳೋದು ಕಲೀಬೇಕು" ಎಂದು ಅಲ್ಲೇ ನಿಂತ. ಗೌಡರು ಬೇಸರಿಸಲಿಲ್ಲ, ತಮ್ಮ ಮನೆಯ ವಾಹನಗಳನ್ನೆಲ್ಲ ಐವತ್ತು ಮೈಲಿಯಾದರೂ ಸರಿಯೆಂದು ಆ ತಗಡಿನ ಶೆಡ್ಡಿಗೇ ಕಳಿಸತೊಡಗಿದರು.

ಇಂಥವರು ಆ ದಿನಗಳಲ್ಲಿ ನಮ್ಮ ತಾಲೂಕುಗಳಲ್ಲಿ ಪೇಟೆಗೊಬ್ಬರಂತೆ ಇದ್ದರು: ಗೋಡೆಗೆ ತೂಗುಹಾಕುವ ಪ್ರಮಾಣಪತ್ರವಿಲ್ಲದವರು, ವಿಲಾಯತಿಯ ಯಂತ್ರವೂ ಮನುಷ್ಯರೇ ಮಾಡಿದ್ದು, ಆದ್ದರಿಂದ ಮನುಷ್ಯರಿಗೆ ತಿಳಿದೇ ತಿಳಿಯುತ್ತದೆ ಎಂಬ ಧೈರ್ಯದ ಮೇಲೆ ಬದುಕಿದವರು. ಅವರ ಹೆಸರುಗಳು ಯಾವ ಶಿಲಾಫಲಕದಲ್ಲೂ ಇಲ್ಲ. ಆದರೆ ಬಸ್ಸು ಹೊತ್ತಿಗೆ ಸರಿಯಾಗಿ ಘಟ್ಟ ಇಳಿದಾಗ, ಗಿರಣಿ ಹಬ್ಬದ ಹಿಂದಿನ ದಿನ ನಿಲ್ಲದೆ ತಿರುಗಿದಾಗ, ಅದರ ಹಿಂದೆ ಅವರ ಕೈ ಇರುತ್ತಿತ್ತು. ಕೆಟ್ಟದ್ದು ಯಾವುದೇ ಇರಲಿ, ಅದರ ಕಾರಣಕ್ಕೆ ಒಂದು ಜಾಗವಿದೆ, ಆ ಜಾಗವನ್ನು ಕಣ್ಣಾರೆ ಕಾಣುವವರೆಗೆ ಯಾರ ಕಡೆಗೂ ಬೆರಳು ತೋರಿಸಬಾರದು ಎಂಬುದನ್ನು ಅವರು ಯಂತ್ರಗಳಿಂದ ಕಲಿತು ಮನುಷ್ಯರಿಗೂ ಅನ್ವಯಿಸಿದರು. ತಮ್ಮದೇ ತಪ್ಪನ್ನು ತುಂಬಿದ ಅಂಗಳದಲ್ಲಿ ಗಟ್ಟಿಯಾಗಿ ಹೇಳಬಲ್ಲವರಾಗಿದ್ದುದರಿಂದಲೇ, ಇನ್ನೊಬ್ಬರದು ತಪ್ಪಿಲ್ಲವೆಂದು ಅವರು ಹೇಳಿದ ದಿನ ಊರೆಲ್ಲ ನಂಬಿತು.